ದ್ರೌಪದಿಯ ಪ್ರಶ್ನೆಯೂ ಧರ್ಮರಾಜನ ಶ್ರದ್ಧೆಯೂ

ಮಹಾಭಾರತವು ಪ್ರಶ್ನೋತ್ತರಗಳಿಂದ ಬೆಳೆದ ಗ್ರಂಥವು. ಜನಮೇಜಯನು ಕೇಳಿ ವೈಶಂಪಾಯನನು ಹೇಳುತ್ತಾನೆ. ಧೃತರಾಷ್ಟ್ರನು ಕೇಳಿ ಸಂಜಯನು ಹೇಳುತ್ತಾನೆ. ಯಕ್ಷನು ಕೇಳಿ ಯುಧಿಷ್ಠಿರನು ಹೇಳುತ್ತಾನೆ. ಯುಧಿಷ್ಠಿರನು ಕೇಳಿ ಶರಶಯ್ಯೆಯಲ್ಲಿರುವ ಭೀಷ್ಮನು ಶಾಂತಿ ಅನುಶಾಸನಪರ್ವಗಳೆರಡನ್ನೂ ತುಂಬುವಷ್ಟು ಹೇಳುತ್ತಾನೆ. ಇಂಥ ಗ್ರಂಥದಲ್ಲಿ ದ್ರೌಪದಿಯ ಪ್ರಶ್ನೆಗಳೆರಡು ಮಾತ್ರ ಉತ್ತರವಿಲ್ಲದೆ ನಿಂತಿರುವುವು. ಮೊದಲನೆಯದು ದ್ಯೂತಸಭೆಯಲ್ಲಿ ಕುರುವೃದ್ಧರನ್ನು ಕುರಿತು ಕೇಳಿದುದು. ಎರಡನೆಯದು ದ್ವೈತವನದಲ್ಲಿ ಧಾತನನ್ನೇ ಕುರಿತು ಕೇಳಿದುದು. ಒಂದು ವ್ಯವಹಾರಧರ್ಮಕ್ಕೆ ಸೇರಿದುದು, ಇನ್ನೊಂದು ಈಶ್ವರನ ನ್ಯಾಯಕ್ಕೆ ಸೇರಿದುದು. ಇವೆರಡಕ್ಕೂ ಇರುವ ಸಂಬಂಧವನ್ನೂ, ಉತ್ತರ ದೊರೆಯದಿರುವಲ್ಲಿ ಶ್ರದ್ಧೆಯು ಹೇಗೆ ನಿಲ್ಲಬಲ್ಲುದೆಂಬುದಕ್ಕೆ ಗ್ರಂಥವು ಕೊಡುವ ನಿದರ್ಶನವನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವು.

ಈ ವಿಷಯದಲ್ಲಿ ಮೂರು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ದ್ರೌಪದಿಯ ಮಾತು ಕೇವಲ ಪೂರ್ವಪಕ್ಷವು, ಧರ್ಮರಾಜನ ಮಾತು ಸಿದ್ಧಾಂತವು, ಅಲ್ಲಿಗೆ ವಿಚಾರವು ಮುಗಿಯಿತು ಎಂಬುದು ಮೊದಲನೆಯದು. ಪಾಠಶಾಲೆಗಳಲ್ಲಿ ಈ ಭಾಗವನ್ನು ಹೇಳುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ. ಕವಿಯು ಒಳಗೆ ಸಂಶಯವಾದಿಯಾಗಿದ್ದು, ತಾನು ಆಡಲಾರದುದನ್ನು ಹೆಂಗಸಿನ ಬಾಯಿಂದ ಆಡಿಸಿದನು ಎಂಬುದು ಎರಡನೆಯದು. ಇದು ಹೊಸಬರಿಗೆ ಪ್ರಿಯವಾದುದು. ಸಭೆಯಲ್ಲಿ ಶ್ರೀಕೃಷ್ಣನು ಅಕ್ಷಯಾಂಬರವನ್ನು ಅನುಗ್ರಹಿಸಿದ ಮೇಲೆ ಪ್ರಶ್ನೆಗೆ ಎಡೆಯೇ ಇಲ್ಲ, ಅನುಗ್ರಹವೇ ಉತ್ತರವು ಎಂಬುದು ಭಕ್ತರ ಮತವು. ಈ ಮೂರೂ ಮೂಲವನ್ನು ಇಡಿಯಾಗಿ ನೋಡಿದಾಗ ನಿಲ್ಲತಕ್ಕವುಗಳಲ್ಲ.

ಮೊದಲು ಸಭೆಯ ಪ್ರಶ್ನೆಯನ್ನು ನೋಡಬಹುದು. ಪ್ರಾತಿಕಾಮಿಯು ಕರೆಯಲು ಬಂದಾಗ ದ್ರೌಪದಿಯು ಅಳಲಿಲ್ಲ, ಶಪಿಸಲಿಲ್ಲ; ಧರ್ಮರಾಜನು ಮೊದಲು ಸೋತದ್ದು ತನ್ನನ್ನೋ ಪತ್ನಿಯನ್ನೋ ಎಂದು ಕೇಳಿ ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸಿದಳು. ತನ್ನನ್ನು ತಾನೇ ಸೋತವನಿಗೆ ಮತ್ತೊಬ್ಬರನ್ನು ಪಣವಾಗಿಡುವ ಅಧಿಕಾರವುಂಟೇ ಎಂಬುದು ಇದರ ತಿರುಳು. ಭೀಷ್ಮನು ಎರಡು ಪಕ್ಷಗಳನ್ನೂ ಹೇಳಿದನು: ಸ್ವಾತಂತ್ರ್ಯವಿಲ್ಲದವನು ಪರರ ಸ್ವತ್ತನ್ನು ಪಣವಾಗಿಡಲಾರನು, ಆದರೆ ಸ್ತ್ರೀಯರು ಪತಿಯ ವಶದಲ್ಲಿರುವರು. ಧರ್ಮವು ಸೂಕ್ಷ್ಮವಾದುದರಿಂದ ವಿವೇಚಿಸಿ ಹೇಳಲಾರೆನೆಂದು ಅವನು ಸುಮ್ಮನಾದನು. ವಿಕರ್ಣನೊಬ್ಬನು ಎದ್ದು, ದ್ಯೂತವು ರಾಜವ್ಯಸನಗಳಲ್ಲಿ ಒಂದೆಂದೂ, ದ್ರೌಪದಿಯು ಐವರಿಗೂ ಸಮಾನಳೆಂದೂ, ಯುಧಿಷ್ಠಿರನು ತಾನು ಸೋತಮೇಲೆ ಆಕೆಯನ್ನು ಒಡ್ಡಿದನೆಂದೂ, ಆಕೆಯ ಹೆಸರನ್ನು ಎತ್ತಿದವನು ಶಕುನಿಯೆಂದೂ ಕಾರಣಗಳನ್ನು ಕೊಟ್ಟು ಆಕೆಯು ಜಿತಳಲ್ಲವೆಂದನು. ಕರ್ಣನು ಅದನ್ನು ತಳ್ಳಿಹಾಕಿದನು. ಸಭೆಯಲ್ಲಿ ಕುಳಿತು ಪ್ರಶ್ನೆಗೆ ಉತ್ತರ ಹೇಳದವನಿಗೆ ಅಸತ್ಯದ ಪಾಪದಲ್ಲಿ ಅರ್ಧವು ತಟ್ಟುವುದೆಂದು ವಿದುರನು ಪ್ರಹ್ಲಾದ, ವಿರೋಚನ, ಸುಧನ್ವರ ಕಥೆಯನ್ನು ಹೇಳಿ ಎಚ್ಚರಿಸಿದನು. ಆದರೂ ಯಾರೂ ಬಾಯ್ದೆರೆಯಲಿಲ್ಲ. ಕೊನೆಗೆ ಅರ್ಜುನನು, ತಮ್ಮನ್ನು ಪಣವಾಗಿಟ್ಟಾಗ ಧರ್ಮರಾಜನು ಒಡೆಯನಾಗಿದ್ದನು, ತಾನೇ ಸೋತಮೇಲೆ ಯಾರಿಗೆ ಒಡೆಯನು ಎಂಬುದನ್ನು ಕುರುಗಳೇ ತಿಳಿಯಲಿ ಎಂದನು. ಇದು ಉತ್ತರಕ್ಕೆ ಅತ್ಯಂತ ಸಮೀಪಕ್ಕೆ ಬಂದ ಮಾತು. ಆದರೂ ಇದೂ ಪ್ರಶ್ನೆಯಾಗಿಯೇ ಮುಗಿಯಿತು. ಅಷ್ಟರಲ್ಲಿ ಅಗ್ನಿಹೋತ್ರಶಾಲೆಯಲ್ಲಿ ನರಿಯು ಕೂಗಿತು. ಹೆದರಿದ ಧೃತರಾಷ್ಟ್ರನು ವರಗಳನ್ನು ಕೊಟ್ಟನು. ಸಭೆಯು ಭಯದಿಂದ ಮುಗಿಯಿತೇ ಹೊರತು ನಿರ್ಣಯದಿಂದಲ್ಲ.

ವರಗಳನ್ನು ಬೇಡಿದ ರೀತಿಯಲ್ಲಿಯೂ ಗಮನಿಸತಕ್ಕ ಒಂದು ಅಂಶವಿದೆ. ದ್ರೌಪದಿಯು ಮೊದಲ ವರದಿಂದ ಯುಧಿಷ್ಠಿರನ ದಾಸ್ಯವಿಮೋಚನವನ್ನೂ, ಎರಡನೆಯದರಿಂದ ಉಳಿದ ನಾಲ್ವರ ವಿಮೋಚನವನ್ನೂ ಬೇಡಿದಳು; ಕ್ಷತ್ರಿಯಸ್ತ್ರೀಗೆ ಎರಡೇ ವರಗಳೆಂದು ಮೂರನೆಯದನ್ನು ಬೇಡಲೊಲ್ಲದೆ ಹೋದಳು. ತನ್ನ ಬಿಡುಗಡೆಯನ್ನು ಬೇಡಲಿಲ್ಲ. ಬೇಡಿದ್ದರೆ ತಾನು ದಾಸಿಯೆಂದು ಒಪ್ಪಿದಂತಾಗುತ್ತಿತ್ತು. ಸಭೆಯು ಹೇಳದ ನಿರ್ಣಯವನ್ನು ಆಕೆಯು ಮಾತಾಡದೆಯೇ ಆಚರಣೆಯಿಂದ ತೋರಿಸಿದಳೆಂದು ಊಹಿಸಲು ಇಲ್ಲಿ ಅವಕಾಶವಿದೆ.

ಇನ್ನು ಅಕ್ಷಯಾಂಬರದ ವಿಚಾರ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಪರಿಷ್ಕೃತ ಮುದ್ರಣದಲ್ಲಿ ಸಭಾಪರ್ವವನ್ನು ಶೋಧಿಸಿದವರು ಫ್ರಾಂಕ್ಲಿನ್ ಎಡ್ಜರ್ಟನ್ ಎಂಬ ಅಮೆರಿಕದ ವಿದ್ವಾಂಸರು. ಹಸ್ತಪ್ರತಿಗಳನ್ನು ಹೋಲಿಸಿ ನೋಡಿದ ಅವರು ದ್ರೌಪದಿಯು ಗೋವಿಂದನನ್ನು ಕೂಗಿ ಪ್ರಾರ್ಥಿಸುವ ಭಾಗವನ್ನು ಮೂಲಪಾಠದಲ್ಲಿ ಇಡದೆ ಕೆಳಗಣ ಪಾಠಾಂತರಗಳಿಗೆ ಸೇರಿಸಿದರು. ಉಳಿದ ಪಾಠದಲ್ಲಿ ವಸ್ತ್ರವನ್ನು ಸೆಳೆದಂತೆಲ್ಲ ಅಂಥದೇ ಬೇರೊಂದು ವಸ್ತ್ರವು ಮೂಡಿತೆಂದಿದೆಯೇ ಹೊರತು, ಅದನ್ನು ಕೊಟ್ಟವರು ಯಾರೆಂದು ಹೇಳಿಲ್ಲ. ಕಾರಣದ ಸ್ಥಾನವು ಬರಿದಾಗಿದೆ.

ಈ ಶೋಧನವನ್ನು ಭಕ್ತಿಗೆ ವಿರುದ್ಧವೆಂದು ಕೆಲವರು ಬೇಸರಪಡುವುದುಂಟು. ಆದರೆ ಗ್ರಂಥದ ಒಳಗಿನ ಸಾಕ್ಷ್ಯವೇ ಇದಕ್ಕೆ ಅನುಕೂಲವಾಗಿದೆ. ಆರಣ್ಯಕಪರ್ವದಲ್ಲಿ ಕೃಷ್ಣನು ಪಾಂಡವರನ್ನು ಕಾಣಲು ಬಂದಾಗ, ತಾನು ಹತ್ತಿರದಲ್ಲಿದ್ದಿದ್ದರೆ ಕರೆಯದಿದ್ದರೂ ಬಂದು ದ್ಯೂತವನ್ನು ತಡೆಯುತ್ತಿದ್ದೆನೆಂದೂ, ಆಗ ಸೌಭಪತಿಯಾದ ಸಾಲ್ವನ ಮೇಲಣ ಯುದ್ಧದಲ್ಲಿದ್ದೆನೆಂದೂ ಹೇಳುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆಯೇ ದ್ರೌಪದಿಯು, ತನಗೆ ಪತಿಗಳಿಲ್ಲ, ಮಕ್ಕಳಿಲ್ಲ, ತಂದೆಯಿಲ್ಲ, ಸೋದರರಿಲ್ಲ, ಮಧುಸೂದನನೂ ಇಲ್ಲವೆಂದು ಅವನ ಮುಂದೆಯೇ ದುಃಖಿಸುತ್ತಾಳೆ. ವಸ್ತ್ರವನ್ನಿತ್ತು ಕಾಪಾಡಿದವನಿಗೆ ಹೇಳುವ ಮಾತು ಇದಲ್ಲ. ಹಾಗೆಂದು ಗೋವಿಂದನೆಂಬ ಕೂಗು ಗ್ರಂಥಕ್ಕೆ ಪೂರ್ತಿ ಹೊರಗಿನದೆಂದೂ ಹೇಳುವಂತಿಲ್ಲ. ದೂರದಲ್ಲಿದ್ದ ತನ್ನನ್ನು ಕೃಷ್ಣೆಯು ಹಾಗೆ ಕೂಗಿದ್ದು ಬೆಳೆದ ಸಾಲದಂತೆ ತನ್ನ ಹೃದಯವನ್ನು ಬಿಟ್ಟುಹೋಗದೆಂದು ಉದ್ಯೋಗಪರ್ವದಲ್ಲಿ ಕೃಷ್ಣನೇ ಸಂಜಯನಿಗೆ ಹೇಳುವ ಮಾತು ಪರಿಷ್ಕೃತ ಪಾಠದಲ್ಲಿಯೂ ಉಳಿದಿದೆ. ಇಲ್ಲಿ ‘ಸಾಲ’ವೆಂಬ ಶಬ್ದವನ್ನು ಗಮನಿಸತಕ್ಕದ್ದು. ಸಂದಾಯವಾದುದು ಸಾಲವೆನ್ನಿಸದು. ಹೀಗಿರಲು ಭಕ್ತಿಯೂ ಗ್ರಂಥದಲ್ಲಿದೆ, ಉತ್ತರವಿಲ್ಲದ ಮೊರೆಯೂ ಗ್ರಂಥದಲ್ಲಿದೆ. ಒಂದು ಇನ್ನೊಂದನ್ನು ಅಳಿಸಿಹಾಕಿಲ್ಲ.

ಕನ್ನಡದ ವಾಚಕರಿಗೆ ಇದು ವಿಶೇಷವಾಗಿ ಮನನೀಯವು. ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯಲ್ಲಿ ದ್ರೌಪದಿಯ ಮೊರೆಯೂ ಕೃಷ್ಣನ ಅನುಗ್ರಹವೂ ಭಕ್ತಿರಸದ ಪರಾಕಾಷ್ಠೆಗೆ ಮುಟ್ಟಿವೆ. ಗಮಕಿಗಳು ಅದನ್ನು ವಾಚಿಸಿದಾಗ ಕರಗದ ಸಭೆಯಿಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕೃಷ್ಣಕಥೆಯಾಗಿಯೇ ಭಾರತವನ್ನು ಹಾಡಿದ ಕವಿಯು ಆ ಬರಿದಾದ ಸ್ಥಾನವನ್ನು ತುಂಬಿದ್ದು ಅವನ ದರ್ಶನಕ್ಕೆ ಉಚಿತವೇ ಆಗಿದೆ. ಆದರೆ ಅವನ ಕಾವ್ಯವು ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ನಿಂತುದು. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರ್ತಿಮಾಡಿದನು. ತಿಮ್ಮಣ್ಣನ ಭಾರತವು ಗದುಗಿನ ಭಾರತದಂತೆ ಜನರ ನಾಲಗೆಯಲ್ಲಿ ನೆಲಸಲಿಲ್ಲವಾದುದರಿಂದ, ಸಭೆಯ ಅನುಗ್ರಹವನ್ನು ಬಲ್ಲ ಕನ್ನಡಿಗರಲ್ಲಿ ಅನೇಕರಿಗೆ ಸ್ವರ್ಗಾರೋಹಣದ ಸಂಕಟವು ಅಪರಿಚಿತವಾಗಿಯೇ ಉಳಿದಿದೆ. ಶ್ರದ್ಧೆಯ ವಿಚಾರದಲ್ಲಿ ಮಹಾಭಾರತದ ಅಭಿಪ್ರಾಯವನ್ನು ಅರಿಯಬೇಕಾದರೆ ಅದನ್ನು ಬಿಟ್ಟರೆ ಸಾಗದು.

ಅದಕ್ಕೆ ಮುಂಚೆ ದ್ವೈತವನದ ಸಂವಾದವನ್ನು ನೋಡತಕ್ಕುದು. ಸಾಯಂಕಾಲದಲ್ಲಿ ಪಾಂಡವರು ಕುಳಿತಿರುವಾಗ ದ್ರೌಪದಿಯು ಮಾತನ್ನು ಎತ್ತುತ್ತಾಳೆ. ಧರ್ಮವನ್ನು ರಕ್ಷಿಸುವ ರಾಜನನ್ನು ಧರ್ಮವು ರಕ್ಷಿಸುವುದೆಂದು ಹಿರಿಯರಿಂದ ಕೇಳಿದ್ದೆನು, ನಿನ್ನನ್ನು ಅದು ರಕ್ಷಿಸುತ್ತಿಲ್ಲ ಎನ್ನುತ್ತಾಳೆ. ಭೀಮಾರ್ಜುನರನ್ನೂ ಯಮಳರನ್ನೂ ತನ್ನನ್ನೂ ಬಿಟ್ಟಾನು, ಧರ್ಮವನ್ನು ಬಿಡನು ಎಂಬಂಥವನಿಗೆ ಈ ಗತಿಯೇಕೆಂದು ಕೇಳುತ್ತಾಳೆ. ಮರದ ಬೊಂಬೆಯನ್ನು ಆಡಿಸುವವನಂತೆಯೂ, ಆಟಿಕೆಗಳನ್ನಿಟ್ಟುಕೊಂಡ ಬಾಲನಂತೆಯೂ ಧಾತನು ಪ್ರಾಣಿಗಳನ್ನು ಕೂಡಿಸಿ ಅಗಲಿಸಿ ಆಡುವನು, ತಾಯಿತಂದೆಗಳಂತೆ ನಡೆಯನು. ಕಟ್ಟಕಡೆಗೆ ಆಕೆಯು ಒಡ್ಡುವ ವಿಕಲ್ಪವು ಶುದ್ಧ ತಾರ್ಕಿಕನಿಗೆ ತಕ್ಕುದು: ಮಾಡಿದ ಕರ್ಮವು ಕರ್ತೃವನ್ನೇ ಹಿಂಬಾಲಿಸುವುದಾದರೆ, ಮಾಡಿಸುವ ಈಶ್ವರನಿಗೂ ಆ ಪಾಪವು ಲೇಪಿಸಬೇಕು, ಲೇಪಿಸದಿದ್ದರೆ ಬಲವೊಂದೇ ಕಾರಣವೆಂದಾಯಿತು, ಆಗ ದುರ್ಬಲರ ಸ್ಥಿತಿಯು ಶೋಚನೀಯವು.

ವೇದಾಂತವನ್ನು ಓದಿದವರಿಗೆ ಇಲ್ಲಿ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ನೆನಪಾಗುವುದು. ಸೃಷ್ಟಿಯು ಲೀಲೆಯೆಂದು ಹೇಳುವ ಅಧಿಕರಣವೂ, ಈಶ್ವರನಿಗೆ ವೈಷಮ್ಯನೈರ್ಘೃಣ್ಯದೋಷಗಳಿಲ್ಲವೆಂದು ಸಾಧಿಸುವ ಅಧಿಕರಣವೂ ಅಲ್ಲಿ ಒಂದರ ಪಕ್ಕದಲ್ಲೊಂದು ಇವೆ. ಶಾಸ್ತ್ರವು ಲೀಲೆಯೆಂದು ಕರೆದುದನ್ನು ಆಟಿಕೆಯಾದವಳ ಕಡೆಯಿಂದ ನೋಡಿದರೆ ಹೇಗೆ ಕಾಣುವುದೆಂಬುದೇ ದ್ರೌಪದಿಯ ಮಾತು. ಈಶ್ವರನು ಪ್ರಾಣಿಗಳ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುವನು, ಮಳೆಯು ಎಲ್ಲ ಬೀಜಗಳಿಗೂ ಸಾಧಾರಣವಾಗಿದ್ದು ಪೈರಿನ ಭೇದವು ಬೀಜದಿಂದ ಬರುವಂತೆ ವೈಷಮ್ಯವು ಕರ್ಮದಿಂದ ಬರುವುದು ಎಂಬುದು ಶಂಕರಾಚಾರ್ಯರ ಸಮಾಧಾನವು. ಧರ್ಮರಾಜನು ಈ ಸಮಾಧಾನವನ್ನು ಹೇಳುವುದಿಲ್ಲವೆಂಬುದು ಆಶ್ಚರ್ಯಕರವು. ಧಾತನು ಪೂರ್ವಕರ್ಮಾನುಸಾರವಾಗಿ ಫಲವನ್ನು ಹಂಚುವನೆಂಬ ಮಾತು ಈ ಸಂವಾದದಲ್ಲಿ ಬರುವುದು ನಿಜ. ಆದರೆ ಬರುವುದು ದ್ರೌಪದಿಯ ಬಾಯಿಂದಲೇ, ಅದೂ ಆಕೆಯ ಮುಂದಿನ ಭಾಷಣದಲ್ಲಿ. ಆಕೆಯು ಅದನ್ನು ಪ್ರಶ್ನೆಯನ್ನು ಮುಚ್ಚಲು ಬಳಸದೆ, ಪುರುಷಪ್ರಯತ್ನವನ್ನು ಮಾಡೆಂದು ಪ್ರೇರಿಸಲು ಬಳಸುತ್ತಾಳೆ. ಮಾಡಿಸುವವನ ಹೊಣೆಯ ಪ್ರಶ್ನೆಯು ಅಲ್ಲಿಯೇ ಉಳಿಯುವುದು. ಸೂತ್ರಕಾರನೂ ಭಾರತಕಾರನೂ ಒಬ್ಬನೇ ಎಂಬ ಸಂಪ್ರದಾಯವನ್ನು ಒಪ್ಪುವವರಿಗೆ ಇದು ಇನ್ನಷ್ಟು ವಿಚಾರಾರ್ಹವು: ಸಮಾಧಾನವನ್ನು ಬಲ್ಲ ಋಷಿಯು ಅದನ್ನು ನೊಂದವಳ ಎದುರಿಗೆ ಧರ್ಮರಾಜನಿಂದ ಹೇಳಿಸಲಿಲ್ಲ.

ಹಾಗಾದರೆ ಧರ್ಮರಾಜನು ಹೇಳಿದುದೇನು? ಅವನ ಉತ್ತರದಲ್ಲಿ ಮೂರು ಎಳೆಗಳಿವೆ. ಇವನ್ನು ಬಿಡಿಸಿ ನೋಡದೆ ಇಡಿಯಾಗಿ ಸಿದ್ಧಾಂತವೆಂದು ಎತ್ತಿಕೊಳ್ಳುವುದೇ ಮೊದಲನೆಯ ಮತದವರ ದೋಷವು. ಒಂದನೆಯದು, ತಾನು ಫಲವನ್ನು ಅರಸಿ ಧರ್ಮವನ್ನು ನಡೆಸುವವನಲ್ಲ, ಕೊಡಬೇಕಾದುದರಿಂದ ಕೊಡುವೆನು, ಯಜಿಸಬೇಕಾದುದರಿಂದ ಯಜಿಸುವೆನು ಎಂಬುದು. ಧರ್ಮವನ್ನು ವ್ಯಾಪಾರ ಮಾಡುವವನು ಅಧಮನೆಂದು ಅವನು ನಿಂದಿಸುತ್ತಾನೆ. ಎರಡನೆಯದು, ಧರ್ಮಕ್ಕೆ ಫಲವಿದ್ದೇ ಇದೆ ಎಂಬುದು. ಇಲ್ಲದಿದ್ದರೆ ಲೋಕವು ಕತ್ತಲೆಯಲ್ಲಿ ಮುಳುಗುತ್ತಿತ್ತು, ಋಷಿಗಳು ತಪಸ್ಸನ್ನು ಮಾಡುತ್ತಿರಲಿಲ್ಲ, ಯಜ್ಞಾಗ್ನಿಯಿಂದ ಹುಟ್ಟಿದ ದ್ರೌಪದಿಯೂ ಧೃಷ್ಟದ್ಯುಮ್ನನೂ ಕರ್ಮಫಲಕ್ಕೆ ತಾವೇ ಸಾಕ್ಷಿಗಳು ಎನ್ನುತ್ತಾನೆ. ಮೂರನೆಯದು, ಕರ್ಮಫಲದ ಉದಯವೂ ಲಯವೂ ದೇವತೆಗಳ ರಹಸ್ಯವು, ಸಾಮಾನ್ಯರಿಗೆ ತಿಳಿಯದು ಎಂಬುದು.

ಈ ಮೂರರಲ್ಲಿ ಮೊದಲೆರಡು ಒಂದಕ್ಕೊಂದು ಹೊಂದುವುದಿಲ್ಲ. ಫಲಾಪೇಕ್ಷೆಯಿಲ್ಲದವನು ಫಲವಿದೆಯೆಂದು ಸಾಧಿಸುವ ಅಗತ್ಯವೇನು? ಫಲವಿದೆಯೆಂಬುದರ ಮೇಲೆ ಧರ್ಮವು ನಿಂತಿದ್ದರೆ, ಅವನು ನಿಂದಿಸಿದ ಧರ್ಮವಣಿಜನಿಗೂ ಅವನಿಗೂ ಅಂತರವೇನು? ಮೂರನೆಯ ಮಾತಂತೂ ಎರಡನೆಯದನ್ನು ಸಡಿಲಿಸುವುದು; ದೇವರಹಸ್ಯವಾದುದನ್ನು ಪ್ರಮಾಣಪೂರ್ವಕವಾಗಿ ಸಾಧಿಸಲಾಗದು. ಇದನ್ನು ಕವಿಯ ಅನವಧಾನವೆನ್ನುವುದು ಸರಿಯಲ್ಲ. ಧರ್ಮರಾಜನ ಹೃದಯದಲ್ಲಿ ಎರಡು ಶ್ರದ್ಧೆಗಳು ಬೆರೆತಿದ್ದುವು: ಫಲದಲ್ಲಿ ಶ್ರದ್ಧೆ, ಕರ್ತವ್ಯದಲ್ಲಿ ಶ್ರದ್ಧೆ. ಎರಡೂ ಒಂದೇ ಎಂದು ಅವನು ಆಗ ತಿಳಿದಿದ್ದನು. ಅವನ್ನು ಬೇರ್ಪಡಿಸಿ ತೋರಿಸುವ ಸಂದರ್ಭವು ಗ್ರಂಥದ ಕೊನೆಯವರೆಗೆ ಒದಗಲಿಲ್ಲ.

ದ್ರೌಪದಿಯ ಪ್ರತ್ಯುತ್ತರವೂ ಅಷ್ಟೇ ಸೂಕ್ಷ್ಮವಾದುದು. ಧರ್ಮರಾಜನು ಆಕೆಯ ಮಾತು ಸೊಗಸಾದರೂ ನಾಸ್ತಿಕ್ಯವೆಂದು ಕಠಿಣವಾಗಿ ನುಡಿದಿದ್ದನು. ಆಕೆಯು ತಾನು ಧರ್ಮವನ್ನು ಹಳಿಯುವವಳಲ್ಲ, ಈಶ್ವರನನ್ನು ಅವಮಾನಿಸುವವಳಲ್ಲ, ಆರ್ತಳಾಗಿ ಪ್ರಲಾಪಿಸಿದೆನೆಂದು ತಿಳಿ ಎಂದು ಹೇಳಿ, ಇನ್ನೂ ಪ್ರಲಾಪಿಸುವೆನು, ಕೇಳು ಎನ್ನುತ್ತಾಳೆ. ಆಮೇಲೆ ಬೃಹಸ್ಪತಿಯ ನೀತಿಯನ್ನು ವಿಸ್ತರಿಸುತ್ತಾಳೆ; ತಂದೆಯು ಮನೆಯಲ್ಲಿರಿಸಿಕೊಂಡಿದ್ದ ಬ್ರಾಹ್ಮಣನೊಬ್ಬನು ಸೋದರರಿಗೆ ಅದನ್ನು ಪಾಠಹೇಳುವಾಗ ತಾನು ತಂದೆಯ ತೊಡೆಯಮೇಲೆ ಕುಳಿತು ಕೇಳಿದುದಾಗಿ ತಿಳಿಸುತ್ತಾಳೆ. ಒಡ್ಡಿದ ವಿಕಲ್ಪವು ತಪ್ಪೆಂದು ಆಕೆಯು ಎಲ್ಲಿಯೂ ಒಪ್ಪಿಲ್ಲ. ಧರ್ಮವನ್ನು ಬಿಡುವೆನೆಂದೂ ಹೇಳಿಲ್ಲ. ಧರ್ಮಕ್ಕೆ ಮೂಲವೇ ಇಲ್ಲವೆಂದು ಕೈಬಿಡುವುದು ನಾಸ್ತಿಕ್ಯವು. ಧರ್ಮವನ್ನು ನಂಬಿದುದರಿಂದಲೇ ಅನ್ಯಾಯವನ್ನು ಸಹಿಸಲಾರದೆ ಕೇಳುವುದು ಆರ್ತಿಯು. ನಂಬದವನಿಗೆ ಧಾತನಮೇಲೆ ಕೋಪಗೊಳ್ಳಲು ಕಾರಣವೇ ಇಲ್ಲ. ಈ ಭೇದವನ್ನು ಆಕೆಯೇ ಮಾಡಿಕೊಟ್ಟಿರುವಾಗ, ಎರಡನೆಯ ಮತದವರು ಆಕೆಯನ್ನು ಸಂಶಯವಾದದ ವಕ್ತಾರಳನ್ನಾಗಿ ಮಾಡುವುದು ಮೂಲಕ್ಕೆ ಒಪ್ಪದ ಮಾತು.

ಇನ್ನು ಸ್ವರ್ಗಾರೋಹಣಪರ್ವ. ಹಿಮಾಲಯದಲ್ಲಿ ಎಲ್ಲರನ್ನೂ ಕಳೆದುಕೊಂಡು, ನಾಯಿಯನ್ನು ಬಿಡಲೊಲ್ಲದೆ ಸ್ವರ್ಗವನ್ನು ಸೇರಿದ ಯುಧಿಷ್ಠಿರನು ಅಲ್ಲಿ ಮೊದಲು ಕಂಡುದು ಆಸನದಲ್ಲಿ ಶೋಭಿಸುತ್ತಿದ್ದ ದುರ್ಯೋಧನನನ್ನು. ತನ್ನವರು ಎಲ್ಲಿ ಎಂದು ಕೇಳಿದಾಗ ದೇವದೂತನು ಅವನನ್ನು ದುರ್ಗಂಧಮಯವಾದ ಕತ್ತಲೆಯ ದಾರಿಯಲ್ಲಿ ಕರೆದೊಯ್ದನು. ಅಸಹ್ಯಪಟ್ಟು ಹಿಂದಿರುಗಲಿರುವಾಗ ದೀನವಾದ ಧ್ವನಿಗಳು ಕೇಳಿಬಂದುವು: ಅವನ ಮೈಗಾಳಿಯಿಂದ ತಮಗೆ ನೆಮ್ಮದಿಯಾಗುತ್ತಿದೆ, ಕ್ಷಣಕಾಲ ನಿಲ್ಲಲಿ ಎಂದು. ಯಾರೆಂದು ಕೇಳಲು ಕರ್ಣನೆಂದೂ, ಭೀಮನೆಂದೂ, ಅರ್ಜುನನೆಂದೂ, ದ್ರೌಪದಿಯೆಂದೂ ಉತ್ತರಗಳು ಬಂದುವು. ಆಗ ಧರ್ಮರಾಜನು ಮಾಡಿದುದೇನೆಂದರೆ, ದೇವತೆಗಳನ್ನೂ ಧರ್ಮವನ್ನೂ ನಿಂದಿಸಿದನು. ದ್ವೈತವನದಲ್ಲಿ ದ್ರೌಪದಿಯ ಬಾಯಿಂದ ಬಂದಾಗ ನಾಸ್ತಿಕ್ಯವೆಂದು ಕರೆದ ಮಾತು ಇಲ್ಲಿ ಅವನ ಬಾಯಿಂದಲೇ, ಅದಕ್ಕಿಂತಲೂ ಒಂದು ಹೆಜ್ಜೆ ಮುಂದಾಗಿ ಬಂದಿತು. ಆಕೆಯು ಧಾತನನ್ನು ನಿಂದಿಸಿದ್ದಳು, ಇವನು ಧರ್ಮವನ್ನೂ ಬಿಡಲಿಲ್ಲ. ಪರಿಷ್ಕೃತ ಪಾಠದಲ್ಲಿಯೂ ಈ ಮಾತು ಉಳಿದಿರುವುದರಿಂದ ಇದನ್ನು ಪ್ರಕ್ಷೇಪವೆಂದು ತಳ್ಳಲಾಗದು.

ಅಷ್ಟರಿಂದಲೇ ಅವನು ಹಿಂದಿರುಗಿದ್ದರೆ ಕಥೆಯು ಶ್ರದ್ಧಾಭಂಗದ ಕಥೆಯಾಗುತ್ತಿತ್ತು. ಆದರೆ ಅವನು ದೇವದೂತನನ್ನು ನೋಡಿ, ಯಾರ ದೂತನೋ ಅವರ ಬಳಿಗೆ ನೀನು ಹೋಗು, ನಾನು ಬಾರೆನು, ನಾನಿರುವುದರಿಂದ ಈ ನನ್ನವರಿಗೆ ಸುಖವಾಗುತ್ತಿದೆ, ಇಲ್ಲಿಯೇ ನಿಲ್ಲುವೆನು ಎಂದನು. ದ್ವೈತವನದಲ್ಲಿ ಬೆರೆತಿದ್ದ ಎರಡು ಶ್ರದ್ಧೆಗಳು ಇಲ್ಲಿ ಬೇರ್ಪಟ್ಟುವು. ಧರ್ಮಕ್ಕೆ ತಕ್ಕ ಫಲವುಂಟೆಂಬ ಶ್ರದ್ಧೆಯು ಕಣ್ಣೆದುರಿಗೇ ಮುರಿದುಬಿದ್ದಿತು. ಮಾಡಬೇಕಾದುದನ್ನು ಮಾಡಬೇಕೆಂಬ ಶ್ರದ್ಧೆಯು ಅದರ ಆಸರೆಯಿಲ್ಲದೆಯೇ ನಿಂತಿತು. ಧರ್ಮವನ್ನು ನಿಂದಿಸಿದ ಗಳಿಗೆಯಲ್ಲಿಯೇ ಅವನು ಧರ್ಮವನ್ನು ಆಚರಿಸಿದನು. ತಾನು ವಣಿಜನಲ್ಲವೆಂದು ವನದಲ್ಲಿ ಹೇಳಿದ ಮಾತು ನಿಜವೋ ಎಂಬುದಕ್ಕೆ ಪರೀಕ್ಷೆಯು ನಡೆದುದು ನರಕದಲ್ಲಿ.

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಮುಂದೆ ಇಂದ್ರನೂ ಧರ್ಮನೂ ಬಂದು ನರಕವು ಮಾಯೆಯೆಂದು ತಿಳಿಸುವರು. ರಾಜರೆಲ್ಲರೂ ನರಕವನ್ನು ನೋಡಲೇಬೇಕೆಂದೂ, ದ್ರೋಣನನ್ನು ಮಗನ ವಿಷಯದಲ್ಲಿ ವಂಚಿಸಿದುದಕ್ಕೆ ಈ ದರ್ಶನವೆಂದೂ ಇಂದ್ರನು ಹೇಳುವನು. ದ್ವೈತವನದ ಸರಸ್ಸು, ನಾಯಿಯ ಪ್ರಸಂಗ, ಇದು ಎಂದು ಮೂರು ಪರೀಕ್ಷೆಗಳಾದುವೆಂದು ಧರ್ಮನು ಹೇಳುವನು. ಹೀಗಿರಲು ಉತ್ತರವು ದೊರೆಯಲಿಲ್ಲವೆನ್ನುವುದು ಹೇಗೆ? ಸಮಾಧಾನವೇನೆಂದರೆ, ಈ ವಿವರಣೆಯು ಯುಧಿಷ್ಠಿರನು ನಿಲ್ಲುವೆನೆಂದು ನಿಶ್ಚಯಿಸಿದ ಮೇಲೆ ಬಂದುದು. ಅವನ ನಿಶ್ಚಯವು ಉತ್ತರದಿಂದ ಹುಟ್ಟಿದುದಲ್ಲ. ಅಲ್ಲದೆ ಇಂದ್ರನ ವಿವರಣೆಯು ಆ ಒಂದು ದರ್ಶನಕ್ಕೆ ಕಾರಣವನ್ನು ಹೇಳುವುದೇ ಹೊರತು, ಸಭೆಯಲ್ಲಿ ನಿರಪರಾಧಿನಿಯಾದ ಸ್ತ್ರೀಯು ಅನುಭವಿಸಿದುದಕ್ಕೆ ಮಾಡಿಸುವವನು ಹೊಣೆಯೇ ಎಂಬ ದ್ವೈತವನದ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಮೀಮಾಂಸಕರು ಗ್ರಂಥತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿಗಳೆಂಬ ಲಿಂಗಗಳನ್ನು ಹೇಳುವರು. ಇವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹಿಡಿದರೂ ಸಾಕು. ಉತ್ತರವಿಲ್ಲದ ಪ್ರಶ್ನೆಯು ಸಭೆಯಲ್ಲಿ ಆರಂಭವಾಗಿ ಸ್ವರ್ಗದಲ್ಲಿ ಮುಗಿಯುವುದರಿಂದ ಉಪಕ್ರಮೋಪಸಂಹಾರಗಳು ಹೊಂದುವುವು. ಸಭೆ, ವನ, ನರಕ ಎಂದು ಮೂರೆಡೆ ಮರುಕಳಿಸುವುದರಿಂದ ಅಭ್ಯಾಸವೂ ಇದೆ. ಇಷ್ಟು ಪ್ರಯತ್ನದಿಂದ ಉಳಿಸಿಕೊಂಡು ಬಂದ ಪ್ರಶ್ನೆಯನ್ನು ಖಂಡಿಸಿ ಮುಗಿಸಿದ ಪೂರ್ವಪಕ್ಷವೆನ್ನುವುದು ನ್ಯಾಯಕ್ಕೆ ವಿರುದ್ಧವು. ಉತ್ತರವು ಇದ್ದಾಗ ನಂಬುವುದಕ್ಕೆ ಶ್ರದ್ಧೆಯೆಂಬ ಹೆಸರೇ ಬೇಕಾಗಿಲ್ಲ, ಜ್ಞಾನವೆಂದರೆ ಸಾಕು. ಉತ್ತರವಿಲ್ಲವೆಂದು ಕೇಳುವುದನ್ನು ನಿಲ್ಲಿಸುವುದೂ ಶ್ರದ್ಧೆಯಲ್ಲ, ಅದು ಆಲಸ್ಯವು. ಪ್ರಶ್ನೆಯನ್ನು ಕೈಬಿಡದೆ ಕರ್ತವ್ಯವನ್ನೂ ಕೈಬಿಡದಿರುವುದೇ ವ್ಯಾಸರು ತೋರಿಸಿದ ಶ್ರದ್ಧೆಯು. ಅದನ್ನು ಪ್ರಶ್ನೆಯಿಂದ ದ್ರೌಪದಿಯೂ, ನಿಂತು ಧರ್ಮರಾಜನೂ ಹಂಚಿಕೊಂಡು ನಡೆಸಿದರು. ಆದುದರಿಂದ ವಿದ್ಯಾರ್ಥಿಗಳಿಗೆ ದ್ವೈತವನದ ಸಂವಾದವನ್ನು ಪಾಠಹೇಳುವವರು ಧರ್ಮರಾಜನ ಉತ್ತರದೊಡನೆ ಪುಸ್ತಕವನ್ನು ಮುಚ್ಚದೆ, ಸ್ವರ್ಗಾರೋಹಣದ ನಿಂದೆಯವರೆಗೆ ಅವರನ್ನು ಕರೆದೊಯ್ಯುವುದು ಉಚಿತವು. ಇಲ್ಲದಿದ್ದರೆ ಬಾಲಕರು ಕೇಳುವುದೇ ಪಾಪವೆಂದು ತಿಳಿಯುವರು; ದುಃಖವು ಬಂದ ದಿನ ಅವರಿಗೆ ಧರ್ಮವನ್ನು ಬಿಡುವುದೊಂದೇ ದಾರಿಯಾಗಿ ಕಾಣುವುದು.

ಸ್ವರ್ಗಾರೋಹಣಪರ್ವದ ಕೊನೆಯಲ್ಲಿ ಇನ್ನೊಂದು ಸಣ್ಣ ಸಂಗತಿಯಿದೆ. ಆಕಾಶಗಂಗೆಯಲ್ಲಿ ಮಿಂದು ಮಾನುಷಶರೀರವನ್ನು ಕಳೆದ ಯುಧಿಷ್ಠಿರನು ಕಮಲಮಾಲೆಯನ್ನು ಧರಿಸಿ ತೇಜಸ್ಸಿನಿಂದ ಬೆಳಗುತ್ತಿದ್ದ ದ್ರೌಪದಿಯನ್ನು ಕಂಡನು. ಕಂಡೊಡನೆ ಆಕೆಯನ್ನು ಏನನ್ನೋ ಕೇಳಲು ಬಯಸಿದನು. ಅಷ್ಟರಲ್ಲಿ ಇಂದ್ರನು ಮಾತನ್ನು ಎತ್ತಿಕೊಂಡು, ಆಕೆಯು ಮನುಷ್ಯಲೋಕದಲ್ಲಿ ಹುಟ್ಟಿದ ಶ್ರೀಯೆಂದು ಹೇಳತೊಡಗಿದನು. ಯುಧಿಷ್ಠಿರನು ಕೇಳಬೇಕೆಂದಿದ್ದುದು ಏನೆಂಬುದನ್ನು ವೈಶಂಪಾಯನನು ಹೇಳಲಿಲ್ಲ, ಜನಮೇಜಯನೂ ಕೇಳಲಿಲ್ಲ.